ಗುರುತಿಲ್ಲದವರ ಜೊತೆ ಬೆಟ್ಟಕ್ಕೆ ಹೋಗೋಕೆ ಭಯ ಆಗಲ್ವಾ?

ಶುಕ್ರವಾರ ಆಫೀಸಿಗೆ ದೊಡ್ಡ ಬ್ಯಾಗ್ ಹೊತ್ತುಕೊಂಡು ಬಂದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. "ಯಾರ್ ಜೊತೆ ಹೋಗ್ತಿದೀಯ?" ಗೊತ್ತಿಲ್ಲ ಅನ್ನುತ್ತೇನೆ. ನಿಜಕ್ಕೂ ಗೊತ್ತಿರುವುದಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಒಂದಷ್ಟು ಫೋನ್ ನಂಬರುಗಳಿರುತ್ತವೆ, ಎಲ್ಲೆಲ್ಲಿ ಹತ್ತಿಸಿಕೊಳ್ಳುತ್ತಾರೆ ಅನ್ನುವ ಪಟ್ಟಿ ಇರುತ್ತದೆ, ಟಿಟಿಯ, ಅಂದರೆ ಟೆಂಪೋ ಟ್ರಾವೆಲರ್ ಗಾಡಿಯ, ನಂಬರು ರಾತ್ರಿ ಎಂಟರ ಹೊತ್ತಿಗೆ ಬರುತ್ತದೆ. ಅಷ್ಟೇ. ತಿಪಟೂರಿನ ದೊಡ್ಡಮ್ಮನದೂ ಇದೇ ಪ್ರಶ್ನೆ, ಸ್ವಲ್ಪ ಜೋರು ದನಿಯಲ್ಲಿ. "ಅಲ್ವೇ, ಗುರುತಿಲ್ಲ, ಪರಿಚಯ ಇಲ್ಲ, ಅದ್ಹೆಂಗೆ ಬಸ್ ಹತ್ತಿ ಹೋಗ್ತೀಯೇ? ಭಯ ಆಗಲ್ವಾ?"

ಭಯ ಆಗುತ್ತದೆ. ಆದರೆ ಅವರು ತೋರಿಸುವ ಕಡೆಯಿಂದ ಅಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನಲ್ಲಿ ವಾರಾಂತ್ಯದ ಟ್ರೆಕ್ ನಡೆಸುವವರು ತುಂಬಾ ಜನ ಇದ್ದಾರೆ. ದುಡ್ಡು ಕಟ್ಟಿದರೆ ಒಂದು ಸೀಟು ಸಿಗುತ್ತದೆ. ಶುಕ್ರವಾರ ರಾತ್ರಿ ಬನಶಂಕರಿ, ಮೆಜೆಸ್ಟಿಕ್, ಯಶವಂತಪುರ, ಗೊರಗುಂಟೆಪಾಳ್ಯ ಅಂತ ಒಬ್ಬೊಬ್ಬರನ್ನೇ ಹತ್ತಿಸಿಕೊಂಡು ಗಾಡಿ ನೆಲಮಂಗಲ ದಾಟುತ್ತದೆ. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ. ಬೆಳಗಾಗುವ ಹೊತ್ತಿಗೆ ಮಲೆನಾಡು. ಶನಿವಾರ ಬೆಟ್ಟ, ರಾತ್ರಿ ಹೋಂಸ್ಟೇ, ಭಾನುವಾರ ಒಂದು ಜಲಪಾತವೋ ದೇವಸ್ಥಾನವೋ. ಸೋಮವಾರ ಬೆಳಗಿನ ಜಾವ ಮತ್ತೆ ಗೊರಗುಂಟೆಪಾಳ್ಯ, ಅಲ್ಲಿಂದ ಸ್ನಾನ, ಅಲ್ಲಿಂದ ಆಫೀಸು.

"ಗುರುತಿರುವ ಸ್ನೇಹಿತರ ಜೊತೆಗೇ ಹೋಗಬಹುದಲ್ಲ" ಅನ್ನುವವರಿಗೆ ಒಂದೇ ಮಾತು. ನಮ್ಮ ಕಾಲೇಜು ಗ್ರೂಪಿನಲ್ಲಿ ಕುದುರೆಮುಖದ ಪ್ಲಾನ್ ವರ್ಷಗಳಿಂದ ನಡೆಯುತ್ತಲೇ ಇದೆ. ಒಬ್ಬಳ ಮಗನಿಗೆ ಪರೀಕ್ಷೆ, ಒಬ್ಬನಿಗೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್, ಇನ್ನೊಬ್ಬ ಎಲ್ಲದಕ್ಕೂ "ನೋಡೋಣ". ಗುರುತಿಲ್ಲದವರಲ್ಲಿ ಈ ತಾಪತ್ರಯ ಇಲ್ಲ. ಗಾಡಿ ಹೊರಡುವ ಹೊತ್ತಿಗೆ ಬಂದರೆ ಬಂದರು, ಇಲ್ಲದಿದ್ದರೆ ಗಾಡಿ ಹೋಗುತ್ತದೆ.

ಇನ್ನು ದೊಡ್ಡಮ್ಮನ ವಿಷಯ. ಧರ್ಮಸ್ಥಳ, ಸುಬ್ರಹ್ಮಣ್ಯ, ಹೊರನಾಡು, ಶೃಂಗೇರಿ ಅಂತ ಅವರೇ ಟೂರ್ ಬಸ್ಸಿನಲ್ಲಿ ಹೋಗಿ ಬಂದವರು. ಬಸ್ಸಿನಲ್ಲಿ ಅರ್ಧಕ್ಕರ್ಧ ಜನ ಬೇರೆ ಬೇರೆ ಊರಿನವರು. ಪಕ್ಕದ ಸೀಟಿನ ಹೆಂಗಸಿನಿಂದ ಚಟ್ನಿಪುಡಿ ಮಾಡುವ ರೀತಿ ಕಲಿತು, ಅವರ ಮಗಳ ಸಂಬಂಧದ ವಿಚಾರವನ್ನೂ ತಲೆಗೆ ಹಚ್ಚಿಕೊಂಡು ಮನೆಗೆ ಬಂದಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಕೇಳುವುದೇ ಬೇಡ. ಗುರುತಿಲ್ಲದವರ ಜೊತೆ ಘಾಟಿ ಹತ್ತುವುದು ನಮ್ಮ ಮನೆಗಳಲ್ಲಿ ಹೊಸದೇನಲ್ಲ. ದೇವರ ಹೆಸರಿದ್ದರೆ ಯಾರೂ ಕೇಳುವುದಿಲ್ಲ, ಬೆಟ್ಟದ ಹೆಸರಿದ್ದರೆ ಕೇಳುತ್ತಾರೆ. ಇದನ್ನು ದೊಡ್ಡಮ್ಮನಿಗೆ ಹೇಳಿದೆ. "ಅದೇ ಬೇರೆ, ಇದೇ ಬೇರೆ" ಅಂದರು. ಹೇಗೆ ಬೇರೆ ಅಂತ ಇವತ್ತಿನವರೆಗೆ ಹೇಳಿಲ್ಲ.

ನನ್ನ ಭಯ ಇರುವುದು ಡ್ರೈವರ್ ನಿದ್ದೆಯ ಬಗ್ಗೆ. ನನ್ನನ್ನು ಪ್ರಶ್ನೆ ಕೇಳಿದವರಲ್ಲಿ ಒಬ್ಬರೂ ಇದನ್ನು ಕೇಳಿಲ್ಲ ಅನ್ನುವುದೇ ಆಶ್ಚರ್ಯ. ಜೊತೆಗಿರುವ ಹನ್ನೆರಡು ಹದಿಮೂರು ಜನ ಹೇಗಿದ್ದಾರೋ ಏನೋ ಅಂತ ಎಲ್ಲರಿಗೂ ಚಿಂತೆ. ಆ ಹದಿಮೂರೂ ಜನರ ಜೀವ ಕೈಲಿ ಹಿಡಿದಿರುವವನು ನಿನ್ನೆ ಎಷ್ಟು ಹೊತ್ತು ಮಲಗಿದ್ದ? ಬಸ್ಸು, ಲಾರಿ, ಟ್ಯಾಕ್ಸಿ ಓಡಿಸುವವರಿಗೆ ದಿನಕ್ಕೆ 8 ಗಂಟೆ ಕೆಲಸ ಅಂತ ಕಾನೂನೇ ಇದೆ. ಕಾಗದದ ಮೇಲೆ. ವಾರಾಂತ್ಯದ ಗಾಡಿ ಶುಕ್ರವಾರ ಹಗಲೆಲ್ಲ ಯಾವುದೋ ಕಂಪನಿಯ ಡ್ಯೂಟಿ ಮುಗಿಸಿ ಬಂದಿರಬಹುದು. ರಾತ್ರಿ ಕಳಸದವರೆಗೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ.

ಒಂದು ಸಲ ಕುದುರೆಮುಖಕ್ಕೆ ಹೋಗುವಾಗ ಹೀಗೇ ಆಯಿತು. ಸಂಘಟಕರ ಹೆಸರು ಬೇಡ. ಚನ್ನರಾಯಪಟ್ಟಣ ದಾಟಿತ್ತು, ಎಲ್ಲರೂ ಮಲಗಿದ್ದರು. ನನಗೆ ಗಾಡಿಯಲ್ಲಿ ನಿದ್ದೆ ಬರುವುದಿಲ್ಲ. ನೋಡುತ್ತೇನೆ, ಡ್ರೈವರ್ ಎಡಗೈಯಿಂದ ಮುಖ ಉಜ್ಜುತ್ತಿದ್ದಾರೆ. ಕಿಟಕಿ ಪೂರ್ತಿ ಇಳಿಸಿದರು. ಬಾಟಲಿ ನೀರನ್ನು ಅಂಗೈಗೆ ಸುರಿದುಕೊಂಡು ಕಣ್ಣಿಗೆ ಹಚ್ಚಿಕೊಂಡರು. ಗಾಡಿ ಬಿಳಿ ಪಟ್ಟೆಯ ಕಡೆ ವಾಲಿ ಮತ್ತೆ ವಾಪಸ್ ಬಂತು. ನಾನು ಬಾಯಿ ತೆರೆಯುವ ಮೊದಲೇ ನನ್ನ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಮುಂದೆ ಹೋಗಿ ಕ್ಲೀನರ್ ಸೀಟಿನಲ್ಲಿ ಕೂತರು. ಐವತ್ತರ ಆಸುಪಾಸು, ಅರ್ಧ ತೋಳಿನ ಸ್ವೆಟರ್. ಹತ್ತಿದಾಗಿನಿಂದ ಯಾರ ಜೊತೆಗೂ ಮಾತಾಡಿರಲಿಲ್ಲ. "ಯಾವೂರಪ್ಪಾ ನಿಮ್ದು?" ಅಂತ ಶುರು ಮಾಡಿದರು. ಡ್ರೈವರದು ಅರಸೀಕೆರೆ ಕಡೆ. ತೆಂಗಿನಕಾಯಿ ರೇಟಿನ ಮಾತು ಬಂತು, ಕೊಬ್ಬರಿಯ ಮಾತು ಬಂತು, ನಾನೂ ತಿಪಟೂರಿನವಳು ಅಂತ ಬಾಯಿ ಹಾಕಿದೆ. ಹಾಸನದ ಹತ್ತಿರ ಟೀ ಅಂಗಡಿ ಕಂಡಾಗ ಅವರೇ ಗಾಡಿ ಪಕ್ಕಕ್ಕೆ ಹಾಕಿಸಿದರು. "ಒಂದು ಗಂಟೆ ಮಲ್ಕೊಳ್ಳಿ. ಬೆಟ್ಟ ಎಲ್ಲೂ ಹೋಗಲ್ಲ." ಟ್ರೆಕ್ ಲೀಡರ್ ಹುಡುಗ ಗಡಿಯಾರ ನೋಡಿಕೊಂಡು ಏನೋ ಗೊಣಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಡ್ರೈವರ್ ಮಲಗಿದರು, ನಾವೆಲ್ಲ ಎದ್ದು ಟೀ ಕುಡಿದೆವು. ಆ ಒಂದು ಗಂಟೆಯಲ್ಲೇ ಎಲ್ಲರ ಹೆಸರೂ ಊರೂ ಗೊತ್ತಾಗಿದ್ದು. ಹತ್ತಿದ ಕೂಡಲೇ ಲೀಡರ್ ಆಡಿಸುವ "ನಿಮ್ಮ ಪರಿಚಯ ಹೇಳಿ" ಆಟ ಇದೆಯಲ್ಲ, ಅದರಿಂದ ನನಗೆ ಯಾರೂ ಯಾವತ್ತೂ ಪರಿಚಯ ಆಗಿಲ್ಲ. ಹೆಸರು, ಕಂಪನಿ, ಚಪ್ಪಾಳೆ. ಮುಂದಿನವರು.

ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಆ ಊರಿಗೆ ನೀರುದೋಸೆಯದೇ ಹೆಸರು. ಅಲ್ಲಿಂದ ಕಳಸದ ಕಡೆಗೆ ಬರೀ ತಿರುವು. ಆಮೇಲೆ ಸಂಸೆಯ ಹತ್ತಿರ ಬಳಗಲ್‌ನಲ್ಲಿ ಟಿಟಿ ಬಿಟ್ಟು ಜೀಪ್ ಹತ್ತಬೇಕು. ನಡಿಗೆ ಶುರುವಾಗುವ ಮುಳ್ಳೋಡಿಯವರೆಗಿನ ರಸ್ತೆ ಟಿಟಿಗೆ ಆಗುವಂಥದ್ದಲ್ಲ. ಜೀಪಿನಲ್ಲಿ ಹತ್ತು ಜನ. ಒಬ್ಬರ ಮೊಣಕಾಲು ಇನ್ನೊಬ್ಬರ ಪಕ್ಕೆಗೆ. ಮರ್ಯಾದೆಯ ಮಾತೆಲ್ಲ ಅಲ್ಲೇ ಮುಗಿಯುತ್ತದೆ.

ಕುದುರೆಮುಖ 1,894 ಮೀಟರ್. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಮೇಲೆ. ಮೊದಲು ಕಾಡು, ಹಳ್ಳಗಳು, ಆಮೇಲೆ ಒಂಟಿಮರ, ಅಲ್ಲಿಂದ ಮುಂದೆ ಹುಲ್ಲುಗಾವಲು. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಶೋಲಾ ಅನ್ನುವ ಕುಳ್ಳ ಮರಗಳ ದಟ್ಟ ಕಾಡು, ಮಿಕ್ಕಿದ್ದೆಲ್ಲ ಹುಲ್ಲು. ಮಳೆಯ ನೀರನ್ನು ಹಿಡಿದಿಟ್ಟು ನಿಧಾನಕ್ಕೆ ಬಿಡುವುದು ಈ ಹುಲ್ಲು ಮತ್ತು ಕಾಡು ಸೇರಿಯೇ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತವೆ.

ಮಳೆಗಾಲವಾದರೆ ಇಂಬಳ, ಅಂದರೆ ಜಿಗಣೆ. ವಿಜಯವಾಡದ ಒಬ್ಬ ಹುಡುಗ ಇದ್ದ, ಆರಡಿ ಎತ್ತರ, ರಾತ್ರಿಯೆಲ್ಲ ಇಯರ್‌ಫೋನ್ ಹಾಕಿಕೊಂಡು ಗಂಭೀರವಾಗಿ ಕೂತಿದ್ದವ. ಮೊದಲ ಹಳ್ಳ ದಾಟಿ ಕಾಲುಚೀಲ ಇಳಿಸಿದವನೇ ಕಿರುಚಿದ. ಹಿಮ್ಮಡಿಯ ಮೇಲೆ ಕಪ್ಪಗೆ, ಹೊಳೆಯುತ್ತಾ, ಕಿರುಬೆರಳಿನಷ್ಟು ಊದಿಕೊಂಡಿತ್ತು. ನಮ್ಮ ಜೊತೆ ಬಂದಿದ್ದ ಮುಳ್ಳೋಡಿಯ ಗೈಡ್ ಉಗುರಿನಲ್ಲಿ ಚರ್ಮದ ಅಂಚಿನಿಂದ ಸರಕ್ಕನೆ ಜಾರಿಸಿ ತೆಗೆದು ಹಾಕಿದರು. "ಏನಾಗಲ್ಲ ಸಾರ್, ಹೊಟ್ಟೆ ತುಂಬಿದ್ರೆ ಅದೇ ಉದುರುತ್ತೆ." ರಕ್ತ ಮಾತ್ರ ನಿಲ್ಲಲಿಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇರುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಹರಿಯುತ್ತಲೇ ಇರುತ್ತದೆ. ಅದನ್ನು ನೋಡಿದ ಮೇಲೆ ಎಲ್ಲರೂ ಶೂ ಬಿಚ್ಚಿದರು. ಆವರೆಗೆ ದಾರಿ ಬಿಡಲಿಕ್ಕೂ "ಎಕ್ಸ್‌ಕ್ಯೂಸ್ ಮಿ" ಅನ್ನುತ್ತಿದ್ದ ಹುಡುಗಿ ನನ್ನ ಕೂದಲು ಎತ್ತಿ ಕಿವಿಯ ಹಿಂದೆ ಹುಡುಕುತ್ತಿದ್ದಳು. ಸಂಜೆಯ ಹೊತ್ತಿಗೆ ವಿಜಯವಾಡದವನ ಬಾಯಲ್ಲಿ "ಇಂಬಳ ಇದೆಯಾ ನೋಡಿ" ಅನ್ನುವ ಪೂರ್ತಿ ಕನ್ನಡ ವಾಕ್ಯ ಸಲೀಸಾಗಿ ಬರುತ್ತಿತ್ತು. ಬೆಂಗಳೂರಿನಲ್ಲಿ ಅಷ್ಟು ವರ್ಷ ಇದ್ದೂ ಅವನಿಗೆ ಬೇಕಾಗಿರದ ಭಾಷೆ.

ಸ್ವೆಟರ್‌ನವರ ಕಥೆ ಭಾನುವಾರ ಗೊತ್ತಾಯಿತು. ಅವರು ಹುಟ್ಟಿ ಬೆಳೆದಿದ್ದು ಕುದುರೆಮುಖದ ಗಣಿ ಊರಿನಲ್ಲಿ. ಅವರಪ್ಪ ಕಂಪನಿಯಲ್ಲಿ ಕೆಲಸಕ್ಕಿದ್ದರು. ಕಬ್ಬಿಣದ ಅದಿರನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿನವರೆಗೆ ಹರಿಸುತ್ತಿದ್ದ ಕಾಲ ಅದು. 1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಊರು ಖಾಲಿಯಾಯಿತು. ಆ ರಸ್ತೆಯಲ್ಲಿ ಹೋಗುವಾಗ ಪಾಚಿ ಹಿಡಿದ ಕ್ವಾರ್ಟರ್ಸ್‌ಗಳನ್ನು ತೋರಿಸುತ್ತಾ, "ಇಲ್ಲಿ ಮಳೆಗಾಲದಲ್ಲಿ ಬಟ್ಟೆ ಒಣಗಿದ್ದೇ ನನಗೆ ನೆನಪಿಲ್ಲ" ಅಂದರು. ಗಣಿ ನಿಂತಿದ್ದು ಒಳ್ಳೆಯದೇ ಆಯಿತು ಅಂತ ನಾನು ಅಂದೆ. "ಹೌದಮ್ಮ, ಒಳ್ಳೆಯದೇ" ಅಂದವರು ಸ್ವಲ್ಪ ಹೊತ್ತು ಬಿಟ್ಟು, "ನಮ್ಮನೇನೂ ಹೋಯ್ತು" ಅಂದರು. ನನ್ನ ಸ್ನೇಹಿತರ ಜೊತೆ ಹೋಗಿದ್ದರೆ ಅದು ಬರೀ ಪಾಳುಬಿದ್ದ ಕಟ್ಟಡ. ಒಂದು ಸೆಲ್ಫಿ, ಮುಂದಕ್ಕೆ.

ಆಮೇಲೆ ಇವರೆಲ್ಲ ಸ್ನೇಹಿತರಾಗಿ ಉಳಿಯುತ್ತಾರಾ ಅನ್ನುವುದು ಪ್ರಶ್ನೆಯ ಬಾಲ. ಬಹಳಷ್ಟು ಜನ ಉಳಿಯುವುದಿಲ್ಲ. ಗ್ರೂಪಿನ ಹೆಸರು "ಕೆಎಂ ಗ್ಯಾಂಗ್" ಅಂತ ಬದಲಾಗುತ್ತದೆ, ಎರಡು ದಿನ ಫೋಟೋಗಳ ಸುರಿಮಳೆ, ಒಂದು ವಾರ ಗುಡ್ ಮಾರ್ನಿಂಗ್, ಆಮೇಲೆ ಮ್ಯೂಟ್. ನನಗೆ ಇದರಲ್ಲಿ ಬೇಜಾರಿಲ್ಲ. ಎರಡು ದಿನ ನೀರು ಹಂಚಿಕೊಂಡು ಕುಡಿದವರು ಹುಟ್ಟಿದಹಬ್ಬಕ್ಕೆ ಫೋನ್ ಮಾಡಲೇಬೇಕು ಅಂತ ಏನಿದೆ? ಕಿವಿಯ ಹಿಂದೆ ಇಂಬಳ ಹುಡುಕಿದವಳು ಮಾತ್ರ ಈಗಲೂ ಜೊತೆಗಿದ್ದಾಳೆ. ಅವಳನ್ನು ಒಮ್ಮೆ ತಿಪಟೂರಿಗೂ ಕರೆದುಕೊಂಡು ಹೋಗಿದ್ದೆ. ದೊಡ್ಡಮ್ಮ ಅವಳಿಗೆ ಬಲವಂತವಾಗಿ ಬಡಿಸಿ, ಅವಳು ಕೈ ತೊಳೆಯಲು ಎದ್ದಾಗ ನನ್ನನ್ನು ಕೇಳಿದ್ದು, "ಆ ಬಸ್ನಲ್ಲಿ ಹುಡುಗರೂ ಇರ್ತಾರೇನೇ?"

ನೀವು ಹೋಗುವುದಾದರೆ ನಾನು ಹಣ ಕಟ್ಟುವ ಮೊದಲು ಕೇಳುವುದನ್ನು ಕೇಳಿ. ಡ್ರೈವರ್ ಒಬ್ಬರಾ ಇಬ್ಬರಾ? ಒಬ್ಬರೇ ಆದರೆ ಹಗಲು ಮಲಗಿರುತ್ತಾರಾ? ಬಸ್ಸಿನಲ್ಲಿ ಬೇರೆ ಹೆಂಗಸರು ಎಷ್ಟು ಜನ? ಇದಕ್ಕೆ "ಡೋಂಟ್ ವರಿ ಮ್ಯಾಮ್" ಅನ್ನುವ ಉತ್ತರ ಬಂದರೆ ನಾನು ಬೇರೆಯವರನ್ನು ಹುಡುಕುತ್ತೇನೆ. ಅರಣ್ಯ ಇಲಾಖೆಯ ಪರ್ಮಿಟ್ ನಿಮ್ಮ ಹೆಸರಿನಲ್ಲಿ ಆಗಿದೆಯಾ ನೋಡಿಕೊಳ್ಳಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿ ಆ ಫೋಟೋ ಎಲ್ಲ ಕಡೆ ಹರಿದಾಡಿದ ಮೇಲೆ ಇಲಾಖೆ ಬಿಗಿ ಮಾಡಿದೆ. ಬುಕಿಂಗ್ ಆನ್‌ಲೈನ್‌ನಲ್ಲೇ ಆಗಬೇಕು, ಕುದುರೆಮುಖಕ್ಕೆ ದಿನಕ್ಕೆ 300 ಜನ ಮಾತ್ರ. "ಅಲ್ಲಿ ಹೋಗಿ ನೋಡ್ಕೊಳ್ಳೋಣ" ಅನ್ನುವವರನ್ನು ನಂಬಿ ಹೋದರೆ ಮುಳ್ಳೋಡಿಯ ಗೇಟಿನಿಂದಲೇ ವಾಪಸ್. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಎಷ್ಟೋ ಕಡೆ ಮುಚ್ಚಿರುತ್ತಾರೆ, ಅದನ್ನೂ ವಿಚಾರಿಸಿ.

ಟಿಟಿಯಲ್ಲಿ ಹಿಂದಿನ ಸಾಲು ಬೇಡ. ರಸ್ತೆಯ ಪ್ರತಿ ಉಬ್ಬಿಗೂ ತಲೆ ಮೇಲಕ್ಕೆ ತಾಗುತ್ತದೆ. ವಾಂತಿ ಬರುವವರು ಅವೋಮಿನ್ ಮಾತ್ರೆಯನ್ನು ಕೊಟ್ಟಿಗೆಹಾರಕ್ಕೆ ಬರುವ ಒಂದು ಗಂಟೆ ಮೊದಲೇ ನುಂಗಿ. ತಿರುವು ಶುರುವಾದ ಮೇಲೆ ನುಂಗಿದರೆ ನೀರುದೋಸೆಯ ಜೊತೆ ಅದೂ ಹೊರಗೆ ಬರುತ್ತದೆ.