ಮುಚ್ಚಿದ ಎಕ್ಸೆಲ್ ಫೈಲ್ ತಾನಾಗಿಯೇ ತೆರೆದುಕೊಳ್ಳುವುದು ಯಾಕೆ?

"ಸಾರ್, ಫೈಲ್ ಮುಚ್ಚಿದ್ದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಅದೇ ಫೈಲ್ ಮತ್ತೆ ಎದುರಿಗಿದೆ. ವೈರಸ್ ಏನಾದರೂ ಬಂತಾ?"

ದಾವಣಗೆರೆಯ ಎಪಿಎಂಸಿ ಯಾರ್ಡಿನಲ್ಲಿ ದಲಾಲಿ ಅಂಗಡಿಗಳ ಲೆಕ್ಕ ಬರೆಯುವವರಿಗೆ ನಾನು ಮ್ಯಾಕ್ರೋ, ಅಂದರೆ ಎಕ್ಸೆಲ್ ಒಳಗೆ ಓಡುವ ಪುಟ್ಟ ಪ್ರೋಗ್ರಾಂ ಬರೆದುಕೊಡುತ್ತೇನೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಈ ಪ್ರಶ್ನೆ ಜಾಸ್ತಿ. ಆಗ ಎಲ್ಲರಿಗೂ ಹತ್ತು ನಿಮಿಷಕ್ಕೊಮ್ಮೆ ಫೈಲ್ ತಾನೇ ಸೇವ್ ಆಗಬೇಕು. ಕರೆಂಟ್ ಹೋದರೂ ಬರೆದ ಚೀಟಿ ಉಳಿಯಬೇಕು.

ವೈರಸ್ ಅಲ್ಲ. ನಿಮ್ಮ ಮ್ಯಾಕ್ರೋದಲ್ಲಿ ಅಪ್ಲಿಕೇಶನ್.ಆನ್‌ಟೈಮ್ ಎಂಬ ಸಾಲು ಇದೆಯಾ ನೋಡಿ. "ಇಷ್ಟು ಹೊತ್ತಿಗೆ ಈ ಮ್ಯಾಕ್ರೋ ಓಡಿಸು" ಎಂದು ಹೇಳುವ ಸಾಲು ಅದು. ಆ ಮಾತನ್ನು ನೆನಪಿಟ್ಟುಕೊಳ್ಳುವುದು ಎಕ್ಸೆಲ್. ನಿಮ್ಮ ಫೈಲ್ ಅಲ್ಲ. ಬೇರೊಂದು ಫೈಲ್ ತೆರೆದಿದ್ದು ಎಕ್ಸೆಲ್ ಇನ್ನೂ ಓಡುತ್ತಿದ್ದರೆ ಆ ಮಾತೂ ಹಾಗೇ ಉಳಿಯುತ್ತದೆ. ಹೊತ್ತಾದಾಗ ಮ್ಯಾಕ್ರೋ ಬೇಕು, ಅದು ಇರುವುದು ಮುಚ್ಚಿದ ಫೈಲಿನೊಳಗೆ. ಹಾಗಾಗಿ ಎಕ್ಸೆಲ್ ಆ ಫೈಲನ್ನೇ ತೆರೆಯುತ್ತದೆ. ಬೆಳಿಗ್ಗೆಗೆ ಲಾರಿ ಹೇಳಿ, ಅಂಗಡಿ ಬಾಗಿಲು ಹಾಕಿಕೊಂಡು ಹೋದರೆ ಲಾರಿ ಬರದೇ ಇರುತ್ತದಾ? ಬೇಡ ಅಂತ ಹೇಳಬೇಕು.

ಬೇಡ ಎನ್ನುವುದಕ್ಕೂ ಅದೇ ಆನ್‌ಟೈಮ್. ಅದರ ಕೊನೆಯಲ್ಲಿ ಷೆಡ್ಯೂಲ್ ಎಂಬ ಜಾಗವಿದೆ, ಅಲ್ಲಿ ಫಾಲ್ಸ್ ಕೊಡಬೇಕು. ಆದರೆ ಮ್ಯಾಕ್ರೋದ ಹೆಸರು ಮತ್ತು ಹೊತ್ತು ಎರಡೂ ಮೊದಲು ಕೊಟ್ಟಂತೆಯೇ ಇರಬೇಕು. ಸೆಕೆಂಡ್ ಕೂಡ ಬದಲಾಗಬಾರದು.

ನಾನು ಎಡವಿದ್ದು ಇಲ್ಲೇ. ಶುರುವಿನಲ್ಲಿ ನೌ, ಅಂದರೆ ಈಗಿನ ಹೊತ್ತಿನ ಜೊತೆ ಹತ್ತು ನಿಮಿಷ ಕೂಡಿಸಿ ಕೊಟ್ಟಿದ್ದೆ. ರದ್ದು ಮಾಡುವಾಗಲೂ ಹಾಗೇ ಬರೆದೆ. ಆದರೆ ಅಷ್ಟರಲ್ಲಿ ನೌ ಮುಂದೆ ಹೋಗಿರುತ್ತದೆ ಅಲ್ವಾ? ಹೇಳಿದ್ದು 10:30:05ಕ್ಕೆ, ಬೇಡ ಎಂದದ್ದು 10:36:40ಕ್ಕೆ. ಎಕ್ಸೆಲ್ ಹುಡುಕಿತು, ಸಿಗಲಿಲ್ಲ, 1004 ಎಂಬ ಎರರ್ ಕೊಟ್ಟಿತು. "ಎರರ್ ಬಂದರೂ ಮುಂದೆ ಹೋಗು" ಎನ್ನುವ ಆನ್ ಎರರ್ ರೆಸ್ಯೂಮ್ ನೆಕ್ಸ್ಟ್ ಹಾಕಿ ಆ ಎರರ್ ಕಾಣದಂತೆ ಮಾಡಿದೆ. ರದ್ದು ಮಾತ್ರ ಆಗಿರಲಿಲ್ಲ. ಫೈಲಿನಲ್ಲಿ ರೈತರ ಬಾಕಿ ಪಟ್ಟಿ ಇತ್ತು. ಅಂಗಡಿಯಲ್ಲಿ ಹೊರಗಿನವರು ಕೂತಿದ್ದಾಗ ಅದು ಪರದೆ ಮೇಲೆ ಬಂತು. ಯಾರ ಬಾಕಿ ಎಷ್ಟು ಎನ್ನುವುದು ಇನ್ನೊಬ್ಬರು ನೋಡುವ ವಿಷಯವಲ್ಲ. ಆ ದಿನದ ಬೇಸರ ಇನ್ನೂ ಹೋಗಿಲ್ಲ.

ಹಾಗಾಗಿ ಹೊತ್ತನ್ನು ಮೊದಲು ಬರೆದಿಟ್ಟುಕೊಳ್ಳಿ. ಮ್ಯಾಕ್ರೋ ಬರೆಯುವ ಸಾಮಾನ್ಯ ಮಾಡ್ಯೂಲಿನ ಮೇಲ್ಭಾಗದಲ್ಲಿ ಒಂದು ಪಬ್ಲಿಕ್ ವೇರಿಯೇಬಲ್, ಅಂದರೆ ಎಲ್ಲ ಮ್ಯಾಕ್ರೋಗಳೂ ನೋಡಬಹುದಾದ ನೆನಪಿನ ಡಬ್ಬಿ ಇಡಿ. ಹೊತ್ತನ್ನು ಅದಕ್ಕೆ ತುಂಬಿ, ಅದನ್ನೇ ಆನ್‌ಟೈಮ್‌ಗೆ ಕೊಡಿ. ಮ್ಯಾಕ್ರೋ ಪ್ರತಿ ಸಲ ಓಡಿ ಮುಂದಿನ ಹೊತ್ತು ಹೇಳುವಾಗಲೂ ಹೀಗೇ ಮಾಡಿ. ರದ್ದು ಮಾಡುವಾಗ ಅದೇ ವೇರಿಯೇಬಲ್. ಅದು ಸೊನ್ನೆಯಾಗಿದ್ದರೆ ಏನೂ ಮಾಡಬೇಡಿ. ಎರರ್ ಬಂದಾಗ ಎಂಡ್ ಒತ್ತಿದರೆ ವೇರಿಯೇಬಲ್ ಅಳಿಸಿಹೋಗುತ್ತದೆ. ಆಗ ಎಕ್ಸೆಲ್ಲನ್ನೇ ಪೂರ್ತಿ ಮುಚ್ಚಿ. ಹೇಳಿದ್ದೆಲ್ಲ ಅದರ ಜೊತೆಗೇ ಹೋಗುತ್ತದೆ.

ರದ್ದು ಮಾಡುವ ಸಾಲಿಗೆ ಜಾಗ ದಿಸ್‌ವರ್ಕ್‌ಬುಕ್‌ನಲ್ಲಿರುವ ಬಿಫೋರ್‌ಕ್ಲೋಸ್. ಫೈಲ್ ಮುಚ್ಚುವ ಮುಂಚೆ ಎಕ್ಸೆಲ್ ತಾನೇ ಓಡಿಸುವ ಕೋಡ್ ಅದು. ಆದರೆ ಅಲ್ಲಿ ಸುಮ್ನೆ ಹಾಕಿ ಬಿಟ್ಟರೆ ಸಾಲದು. "ಸೇವ್ ಮಾಡಬೇಕಾ?" ಎಂದು ಎಕ್ಸೆಲ್ ಕೇಳುವುದು ಬಿಫೋರ್‌ಕ್ಲೋಸ್ ಮುಗಿದ ಮೇಲೆ. ಅಲ್ಲಿ ಯಾರಾದರೂ ಕ್ಯಾನ್ಸಲ್ ಒತ್ತಿದರೆ ಫೈಲ್ ತೆರೆದೇ ಉಳಿಯುತ್ತದೆ, ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವ ಟೈಮರ್ ಮಾತ್ರ ನಿಂತಿರುತ್ತದೆ. ಸೇವ್ ಆಗುತ್ತಿದೆ ಎಂದು ನಂಬಿ ಮಧ್ಯಾಹ್ನದವರೆಗೆ ಚೀಟಿ ಬರೆದವರಿದ್ದಾರೆ. ಆದ್ದರಿಂದ ಆ ಪ್ರಶ್ನೆಯನ್ನು ಬಿಫೋರ್‌ಕ್ಲೋಸ್ ಒಳಗೆ ನೀವೇ ಕೇಳಿ. ಕ್ಯಾನ್ಸಲ್ ಎಂದರೆ ಮುಚ್ಚುವುದನ್ನು ಅಲ್ಲೇ ತಡೆದು ಹೊರಬನ್ನಿ. ಹೌದು ಎಂದರೆ ಸೇವ್ ಮಾಡಿ, ಬೇಡ ಎಂದರೆ ಎಕ್ಸೆಲ್ ಮತ್ತೆ ಕೇಳದಂತೆ ಫೈಲಿನ ಸೇವ್ಡ್ ಎಂಬುದಕ್ಕೆ ಟ್ರೂ ಕೊಡಿ. ಟೈಮರ್ ರದ್ದು ಮಾಡುವುದು ಕೊನೆಗೆ.

ಕೊಡುವ ಮುಂಚೆ ಪರೀಕ್ಷೆ ಮಾಡಿ. ಹತ್ತು ನಿಮಿಷವನ್ನು ಒಂದು ನಿಮಿಷ ಮಾಡಿ. ಪಕ್ಕದಲ್ಲಿ ಒಂದು ಖಾಲಿ ಫೈಲ್ ತೆರೆದಿಟ್ಟು, ನಿಮ್ಮ ಫೈಲ್ ಮುಚ್ಚಿ, ಎರಡು ನಿಮಿಷ ಕಾಯಿರಿ. ಫೈಲ್ ಮತ್ತೆ ತೆರೆಯಬಾರದು.