ಹಳೆ ಕ್ಲಾರಿನೆಟ್‌ಗೆ ಬೆಲೆ ಎಷ್ಟು?

ಹಳೆ ಕ್ಲಾರಿನೆಟ್ ಒಂದನ್ನು ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ತೂತು ಮುಚ್ಚುವ ಪ್ಯಾಡ್‌ಗಳು ಹರಿದಿವೆ, ತುಂಡುಗಳು ಸೇರುವಲ್ಲಿನ ಕಾರ್ಕ್ ಪುಡಿಪುಡಿ. ಅದೇನು ದೊಡ್ಡ ವಿಷಯವಲ್ಲ, ಎರಡನ್ನೂ ಬದಲಿಸಬಹುದು. ಹೆದರಿಕೆ ಇದ್ದದ್ದು ಮೇಲಿನ ತುಂಡಿನ ಮರದ್ದು. ಉಸಿರಿನ ತೇವ ಜಾಸ್ತಿ ಕೂರುವುದು ಅಲ್ಲೇ, ಸೀಳು ಬಿಡುವುದೂ ಹೆಚ್ಚಾಗಿ ಅಲ್ಲೇ. ಟಾರ್ಚ್ ಹಾಕಿ ನೋಡಿದೆ. ಸದ್ಯ, ಕೂದಲೆಳೆಯಷ್ಟೂ ಬಿರುಕಿಲ್ಲ!

ಆದರೆ ಮೈಮೇಲೆ ‘ಎಚ್‌ಪಿ’ ಅಂತ ಮುದ್ರೆ ಇದೆ. ಅಂದರೆ ಹೈ ಪಿಚ್, ಹಿಂದೆ ಬಳಕೆಯಲ್ಲಿದ್ದ ಎತ್ತರದ ಶ್ರುತಿ. ಈಗಿನ ವಾದ್ಯಗಳ ‘ಎ’ ಸ್ವರ 440 ಹರ್ಟ್ಸ್, ಇಂಥವುಗಳದ್ದು 452ರ ಆಸುಪಾಸು. ಬ್ಯಾರೆಲ್ (ಊದುವ ತುದಿಯ ಕೆಳಗಿನ ಚಿಕ್ಕ ತುಂಡು) ಎಷ್ಟು ಹೊರಗೆಳೆದರೂ ಈಗಿನ ವಾದ್ಯಗಳ ಜೊತೆ ಶ್ರುತಿ ಪೂರ್ತಿ ಸೇರುವುದಿಲ್ಲ, ತೂತುಗಳ ಅಂತರವೇ ಬೇರೆ. ಹಾಗಾಗಿ ಮರ ಗಟ್ಟಿಯಿದ್ದರೂ ಬೆಲೆ ಕಮ್ಮಿ. ಹಳೆಯದಾದಷ್ಟೂ ಬೆಲೆ ಏರುತ್ತದೆ ಅನ್ನೋದು ಪಿಟೀಲಿಗೆ ಸರಿ ಇರಬಹುದು, ಇದಕ್ಕಲ್ಲ. ಒಬ್ಬರೇ ಕೂತು ಊದುವವರಿಗೆ ಇದರಿಂದ ಏನು ತೊಂದರೆ, ಅಲ್ವಾ? ನಾನಂತೂ ಪ್ಯಾಡ್ ಹಾಕಿಸುತ್ತೇನೆ.