ಬಲೆಯ ಹೊಟ್ಟೆ

ಹೋದ ತಿಂಗಳು ತೋಟದ ಬೇಲಿಗೆ ಚೈನ್‌ಲಿಂಕ್ ತಂತಿಬಲೆ ತರಲು ಪೇಟೆಗೆ ಹೋಗಿದ್ದೆ. ಕಾಡುಹಂದಿ ಕಾಟ. ಹೊಸದಾಗಿ ನೆಟ್ಟ ಅಡಿಕೆ ಸಸಿಯ ಬುಡವನ್ನೆಲ್ಲ ಒಂದೇ ರಾತ್ರಿ ಹೂಟಿ ಮಾಡಿದ ಹಾಗೆ ಮಾಡಿ ಹೋಗಿದ್ದವು. ಅಂಗಡಿಯವರು ಸುರುಳಿಯ ತುದಿ ಬಿಚ್ಚಿ, "ಹತ್ತು ಗೇಜ್ ಸಾರ್, ಕಣ್ಮುಚ್ಚಿ ತಗೊಳ್ಳಿ" ಅಂದರು. ನಾನು ಕಣ್ಣು ಮುಚ್ಚಲಿಲ್ಲ, ತಂತಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒಮ್ಮೆ ಉಜ್ಜಿದೆ. ಹತ್ತು ಅಲ್ಲ ಅಂತ ಬೆರಳಿಗೇ ಗೊತ್ತಾಯಿತು. ಜೇಬಿನಿಂದ ಸ್ಕ್ರೂಗೇಜ್ ತೆಗೆದೆ. (ಮನೆಯಿಂದ ಹೊರಡುವಾಗ ಅದನ್ನು ಜೇಬಿಗಿಳಿಸಿದ್ದು ನೋಡಿ ಹೆಂಡತಿ ನಕ್ಕಿದ್ದಳು.) ಹತ್ತು ಗೇಜ್ ಅಂದರೆ 3.25 ಮಿ.ಮೀ. ಇರಬೇಕು. ಇದು ಬಂದದ್ದು 2.6, ಅಂದರೆ ಹನ್ನೆರಡು ಗೇಜ್.

"ಅದು ಕೋಟಿಂಗ್ ಸೇರಿಸಿ ಸಾರ್."

"ಕೋಟಿಂಗ್ ಸೇರಿಸಿಯೇ ಅಳೆದದ್ದು ಮಾರಾಯ್ರೆ."

ಅರ್ಧ ಮಿಲಿಮೀಟರ್ ಚಿಲ್ಲರೆ ವ್ಯತ್ಯಾಸಕ್ಕೆ ಇಷ್ಟೊಂದು ರಗಳೆಯಾ ಅನ್ನಬೇಡಿ. ಅಡ್ಡ ಕತ್ತರಿಸಿ ನೋಡಿದರೆ ಕಬ್ಬಿಣದಲ್ಲಿ ಮೂರರಲ್ಲೊಂದು ಪಾಲು ಖೋತಾ. ಕೊನೆಗೆ ಒಳಗಿಂದ ಬೇರೆ ಸುರುಳಿ ಬಂತು. ದುಡ್ಡು ಕೊಟ್ಟು ಪಿಕಪ್ಪಿಗೆ ಹಾಕಿಸಿದೆ. ಜೊತೆಗಿದ್ದ ಭಾಮೈದ ದಾರಿಯುದ್ದಕ್ಕೂ ಸುಮ್ಮನಿದ್ದವನು ಊರಿನ ತಿರುವು ಬಂದಾಗ ಕೇಳಿದ: "ಅಲ್ಲ ಭಾವ, ನೀವು ಗಣೀಲಿ ಮೇಲ್ಗಡೆ ಬಲೆ ಹಾಕ್ತಿದ್ವಿ ಅಂತಿದ್ರಲ್ಲ, ಅದೂ ಇಂಥದ್ದೇನಾ? ಅಷ್ಟು ದೊಡ್ಡ ಗುಡ್ಡ ಇಷ್ಟು ತಂತಿ ಮೇಲೆ ನಿಲ್ಲತ್ತಾ?"

ಈ ಪ್ರಶ್ನೆ ನನಗೆ ಹೊಸದಲ್ಲ. 2023ರ ನವೆಂಬರಿನಲ್ಲಿ ಉತ್ತರಕಾಶಿಯ ಸಿಲ್ಕ್ಯಾರಾ ಸುರಂಗದಲ್ಲಿ 41 ಜನ 17 ದಿನ ಸಿಕ್ಕಿಕೊಂಡಿದ್ದಾಗ ಊರವರೆಲ್ಲ ಸಂಜೆ ಟಿವಿ ನೋಡಿ ಬಂದು ನಮ್ಮ ಜಗಲಿಯಲ್ಲಿ ಕೂತು ಇದನ್ನೇ ಕೇಳುತ್ತಿದ್ದರು. ಆಗ ಸರಿಯಾಗಿ ಹೇಳಲು ಬರಲಿಲ್ಲ. ಈಗ ಬರೆದೇ ಬಿಡುತ್ತೇನೆ.

ನಾನು ಹೊಸನಗರ ಕಡೆಯವನು. ಕೆಜಿಎಫ್‌ನಲ್ಲಿ ಮೈನಿಂಗ್ ಡಿಪ್ಲೊಮಾ ಓದಿದೆ. ಅಲ್ಲಿ ಚಾಂಪಿಯನ್ ರೀಫ್ ಅನ್ನುವ ಚಿನ್ನದ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು, ಬಂಡೆ ಸಿಡಿಯುವುದಕ್ಕೆ ಹೆಸರಾಗಿತ್ತು. 2001ರಲ್ಲಿ ಗಣಿಯೇ ಮುಚ್ಚಿತು. ಅಷ್ಟರಲ್ಲಿ ನಾನು ರಾಜಸ್ಥಾನದ ಒಂದು ಸತು-ಸೀಸದ ಗಣಿ ಸೇರಿಯಾಗಿತ್ತು. ಮೇಟ್, ಅಂದರೆ ಒಂದು ತಂಡದ ಮೇಸ್ತ್ರಿ, ಆಗಿ ಸೇರಿ ಫೋರ್‌ಮನ್ ಆಗಿ ನಿವೃತ್ತನಾದೆ. ಮಳೆಗಾಲದಲ್ಲಿ ಹುಟ್ಟಿ ಬೆಳೆದವನು ಮರಳುಗಾಡಿನ ಅಡಿಯಲ್ಲಿ ಮೂವತ್ತು ವರ್ಷ ಕಳೆದೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ: ಬಲೆ ಗುಡ್ಡ ಹೊರುವುದಿಲ್ಲ. ಗುಡ್ಡವನ್ನು ಗುಡ್ಡವೇ ಹೊರಬೇಕು. ಸುರಂಗ ಕೊರೆದು ಸಿಡಿಮದ್ದು ಹೊಡೆದ ಮೇಲೆ ನೆತ್ತಿಯ ಬಂಡೆಯಲ್ಲಿ ಒಂದೆರಡು ಮೀಟರಿನಷ್ಟು ಬಿರುಕು ಬಿಟ್ಟು ಸಡಿಲವಾಗಿರುತ್ತದೆ. ಆ ಪದರಗಳನ್ನು ಒಂದಕ್ಕೊಂದು ಹೊಲಿಯುವುದು ರಾಕ್ ಬೋಲ್ಟ್, ಅಂದರೆ ಬಂಡೆಯೊಳಗೆ ಕೂರಿಸುವ ಉದ್ದ ಉಕ್ಕಿನ ಸರಳು. ಭಾಮೈದನಿಗೆ ಇದನ್ನು ಹಳ್ಳದ ಸಂಕ ತೋರಿಸಿ ಹೇಳಿದೆ. ಒಂದೇ ಅಡಿಕೆ ದಬ್ಬೆ ಹಾಕಿದರೆ ಕಾಲಿಟ್ಟ ಕೂಡಲೇ ಬಗ್ಗಿ ನೀರು ಮುಟ್ಟುತ್ತದೆ. ಐದಾರು ದಬ್ಬೆ ಒಂದರ ಮೇಲೊಂದು ಇಟ್ಟು ಬಿಗಿಯಾಗಿ ಕಟ್ಟಿದರೆ ಅಡಿಕೆ ಮೂಟೆ ಹೊತ್ತವನೂ ದಾಟುತ್ತಾನೆ. ದಬ್ಬೆ ಅವೇ, ಕಟ್ಟು ಮಾತ್ರ ಹೊಸದು. ಬೋಲ್ಟ್ ಮಾಡುವುದೂ ಅದನ್ನೇ.

ನಾವು ಹಾಕುತ್ತಿದ್ದ ಬೋಲ್ಟ್ 2.4 ಮೀಟರ್ ಉದ್ದದ್ದು. ನೆತ್ತಿಗೆ ತೂತು ಕೊರೆದು, ಸಿಮೆಂಟ್ ಕ್ಯಾಪ್ಸೂಲ್‌ಗಳನ್ನು ಬಕೆಟ್ ನೀರಿನಲ್ಲಿ ನೆನೆಹಾಕಬೇಕು. ಗುಳ್ಳೆ ಬರುತ್ತಲೇ ಇರುತ್ತದೆ. ಗುಳ್ಳೆ ನಿಂತ ಮೇಲೆ ತೆಗೆದು ತೂತಿಗೆ ತುರುಕಿ, ಹಿಂದಿನಿಂದ ಸರಳನ್ನು ಹೊಡೆದು ನುಗ್ಗಿಸುವುದು. ಹೊಸ ಹುಡುಗರು ಗುಳ್ಳೆ ನಿಲ್ಲುವ ಮೊದಲೇ ಅವಸರ ಮಾಡುತ್ತಿದ್ದರು. ಹಾಗೆ ಮಾಡಿದರೆ ಒಳಗೆ ಒಣಪುಡಿ ಉಳಿದು ಬೋಲ್ಟ್ ಹಿಡಿಯುವುದೇ ಇಲ್ಲ, ಕೈಯಲ್ಲಿ ಎಳೆದರೆ ಬರುತ್ತದೆ. ಆಮೇಲೆ ಸ್ಪ್ಲಿಟ್ ಸೆಟ್ ಬಂತು: ಉದ್ದಕ್ಕೂ ಸೀಳಿದ ಉಕ್ಕಿನ ಕೊಳವೆ, ತೂತಿಗಿಂತ ಒಂದೆರಡು ಮಿ.ಮೀ. ದಪ್ಪ. ಹೊಡೆದು ನುಗ್ಗಿಸಿದರೆ ಒಳಗೆ ಸ್ಪ್ರಿಂಗಿನಂತೆ ಅಗಲವಾಗಿ ಬಂಡೆಯನ್ನು ಕಚ್ಚಿಕೊಳ್ಳುತ್ತದೆ. ಬಕೆಟ್ಟೂ ಬೇಡ, ಗುಳ್ಳೆಯೂ ಬೇಡ.

ಹಾಗಾದರೆ ಬಲೆ ಎಂತಕ್ಕೆ? ಬೋಲ್ಟಿಗೂ ಬೋಲ್ಟಿಗೂ ನಡುವೆ ಒಂದು ಮೀಟರಿನ ಆಸುಪಾಸು ಜಾಗ ಖಾಲಿ ಇರುತ್ತದಲ್ಲ, ಅಲ್ಲಿಂದ ಉದುರುವ ಚೂರುಪಾರು ಹಿಡಿಯಲಿಕ್ಕೆ. ಅಡಿಕೆ ಚಪ್ಪರದಲ್ಲಿ ಕಂಬ ಭಾರ ಹೊರುತ್ತದೆ, ತಟ್ಟಿ ಅಡಿಕೆ ಕೆಳಗೆ ಬೀಳದ ಹಾಗೆ ನೋಡಿಕೊಳ್ಳುತ್ತದೆ, ಹಾಗೆ. ಆದರೆ ಈ 'ಚೂರುಪಾರು' ಅಂದರೆ ಎಷ್ಟು ಅಂತ ಕೇಳಿ. 1.2 ಮೀಟರ್ ಚೌಕದಲ್ಲಿ ಒಂದಡಿ ದಪ್ಪದ ಚಪ್ಪಡಿ ಸಡಿಲಾದರೆ ಅದೇ 1 ಟನ್ ದಾಟುತ್ತದೆ. ಒಂದು ಮುಷ್ಟಿ ಗಾತ್ರದ ಕಲ್ಲು ನಾಲ್ಕೈದು ಮೀಟರ್ ಮೇಲಿಂದ ಹೆಗಲ ಮೇಲೆ ಬಿದ್ದರೂ ಸಾಕು. ಹೆಲ್ಮೆಟ್ ತಲೆ ಕಾಯುತ್ತದೆ, ಕುತ್ತಿಗೆಗೆ ಏನೂ ಇಲ್ಲ.

ನಮ್ಮಲ್ಲಿ ಈ ಬಲೆಯನ್ನು ಜಾಲಿ ಅನ್ನುತ್ತಿದ್ದರು. 5.6 ಮಿ.ಮೀ. ತಂತಿ, ಒಂದೊಂದು ಕಣ್ಣಿ (ಬಲೆಯ ಚೌಕದ ತೂತು) 100 ಮಿ.ಮೀ., ಪ್ರತಿ ಕೂಡಿಗೂ ವೆಲ್ಡ್. 2.4 ಮೀಟರಿಗೆ 3 ಮೀಟರಿನ ಒಂದು ಹಾಳೆ 30 ಕಿಲೋ ಹತ್ತಿರ ತೂಗುತ್ತದೆ, ಅರ್ಧ ಚೀಲ ಅಡಿಕೆಯಷ್ಟು. ಜಂಬೋ ಅನ್ನುವ ಬಂಡೆ ಕೊರೆಯುವ ಯಂತ್ರ ಬರುವ ಮೊದಲು ಇಬ್ಬರು ಅದನ್ನು ತಲೆಯ ಮೇಲೆತ್ತಿ ಹಿಡಿಯಬೇಕು, ಮೂರನೆಯವನು ಬಲೆಯನ್ನು ಬಂಡೆಗೆ ಒತ್ತಿ ಹಿಡಿಯುವ ಬೋಲ್ಟಿನ ಪ್ಲೇಟ್ ಕೂರಿಸಬೇಕು. ತಂತಿಯ ತುದಿ ಮುಂಗೈ ಗೀರದ ದಿನವೇ ಇರಲಿಲ್ಲ.

ಚೈನ್‌ಲಿಂಕ್ ಕೂಡ ಗಣಿಯಲ್ಲಿ ಬಳಸುತ್ತಾರೆ. ಬಂಡೆ ಸಿಡಿಯುವ ಕಡೆ ಅದೇ ಒಳ್ಳೆಯದು, ಬಗ್ಗಿ ಜೋತು ಪೆಟ್ಟು ತಿನ್ನುತ್ತದೆ. ವೆಲ್ಡ್ ಬಲೆ ಸೆಟೆದು ನಿಲ್ಲುತ್ತದೆ, ಜೋರು ಪೆಟ್ಟು ಬಿದ್ದರೆ ಬೆಸುಗೆ ಕಳಚುತ್ತದೆ. ಆದರೆ ಮೇಲಿಂದ ಶಾಟ್‌ಕ್ರೀಟ್, ಅಂದರೆ ಪೈಪಿನಲ್ಲಿ ಕಾಂಕ್ರೀಟ್ ಸಿಂಪಡಿಸುವುದು, ಮಾಡಬೇಕಾದರೆ ವೆಲ್ಡ್ ಬಲೆಯೇ ಬೇಕು. ಚೈನ್‌ಲಿಂಕಿನ ಸಣ್ಣ ಕಣ್ಣಿಗೆ ಕಾಂಕ್ರೀಟ್ ಬಡಿದು ವಾಪಸ್ ಹಾರುತ್ತದೆ, ಹಿಂದೆ ಪೊಳ್ಳು ಉಳಿಯುತ್ತದೆ.

ನನಗೆ ಕೆಲಸ ಕಲಿಸಿದವರು ಒಬ್ಬರು ಹಿರಿಯ ಮೇಟ್. ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಓದು ಬರಹ ಅಷ್ಟಕ್ಕಷ್ಟೆ. ಪಾಳಿ ಶುರುವಾದ ಕೂಡಲೇ ಉದ್ದ ಸಬ್ಬಲ್ ಹಿಡಿದು ನೆತ್ತಿಯನ್ನು ಬಡಿಯುತ್ತ ಹೋಗುವರು. ಗಟ್ಟಿ ಬಂಡೆ ಠಣ್ ಅನ್ನುತ್ತದೆ, ಕೈಗೆ ನಡುಕ ವಾಪಸ್ ಬರುತ್ತದೆ. ಸಡಿಲ ಬಂಡೆ ಬದಬದ ಅನ್ನುತ್ತದೆ. ಹಲಸಿನಕಾಯಿ ಬಲಿತಿದೆಯಾ ಅಂತ ನಮ್ಮಜ್ಜಿ ಬೆರಳ ಗೆಣ್ಣಿನಿಂದ ತಟ್ಟಿ ನೋಡುತ್ತಿದ್ದ ಹಾಗೆಯೇ. ಬಲೆ ಹಾಕಿದ ಜಾಗದಲ್ಲಿ ಮಾತ್ರ ಉಸ್ತಾದ್ ಬಡಿಯುತ್ತಿರಲಿಲ್ಲ, ಕ್ಯಾಪ್‌ಲ್ಯಾಂಪ್ ಬೆಳಕನ್ನು ಓರೆಯಾಗಿ ಬಿಟ್ಟು ಅದರ ಹೊಟ್ಟೆ ನೋಡುತ್ತಿದ್ದರು. ನೇರ ಬೆಳಕು ಬಿಟ್ಟರೆ ಎಲ್ಲ ಚಪ್ಪಟೆಯಾಗಿಯೇ ಕಾಣುತ್ತದೆ. ಓರೆ ಬೆಳಕಿನಲ್ಲಿ ನೆರಳು ಬಿದ್ದು, ಎಲ್ಲಿ ಕಲ್ಲು ಸೇರಿ ಬಲೆ ಜೋತಿದೆ ಅಂತ ಗೊತ್ತಾಗುತ್ತದೆ. ಅವರ ಲೆಕ್ಕ ಗೇಣಿನದ್ದು. ಅರ್ಧ ಗೇಣು ಜೋತರೆ ಸೀಮೆಸುಣ್ಣದ ಗುರುತು, ಒಂದು ಗೇಣಾದರೆ ಹಗ್ಗ ಕಟ್ಟಿ ದಾರಿ ಬಂದ್.

ಆಮೇಲೆ ಆ ಹೊಟ್ಟೆ ಖಾಲಿ ಮಾಡಬೇಕು. ಬೋಲ್ಟ್ ಗಟ್ಟಿ ಇರುವ ಕಡೆ ನಿಂತು, ಉದ್ದ ಹಿಡಿಕೆಯ ಕತ್ತರಿಯಿಂದ ಒಂದೊಂದೇ ತಂತಿ ಕತ್ತರಿಸಿ ಕಲ್ಲು ಸುರಿಸಿ, ಹೊಸ ಬಲೆ ಹಾಕಬೇಕು. ಹೇಳಲು ಒಂದು ಸಾಲು. ಮೊದಲ ತಂತಿ ತುಂಡಾದಾಗ ಬರುವ ಟಿಂಗ್ ಸದ್ದಿಗೆ ಕಾಲು ತಾನೇ ಹಿಂದೆ ಹೋಗುತ್ತದೆ.

ಈಗ ನನ್ನ ತಪ್ಪಿನ ಕಥೆ. ನಾನು ಫೋರ್‌ಮನ್ ಆಗಿ ಎರಡನೇ ವರ್ಷ. ಒಂದು ಹಾಳೆಗೂ ಇನ್ನೊಂದಕ್ಕೂ ಮೂರು ಕಣ್ಣಿ ಮೇಲೆ ಮೇಲೆ ಬರಬೇಕು, ಆ ಜೋಡಿನ ಮೇಲೆಯೇ ಬೋಲ್ಟಿನ ಪ್ಲೇಟ್ ಕೂರಬೇಕು ಅನ್ನುವುದು ನಮ್ಮಲ್ಲಿದ್ದ ನಿಯಮ. ಅವತ್ತು ಹಾಳೆ ಕಡಿಮೆ ಬಿದ್ದಿತ್ತು. ಸ್ಟೋರಿಗೆ ಹೇಳಿದರೆ ನಾಳೆ ಅಂದರು. ಮುಂದಿನ ಬ್ಲಾಸ್ಟಿಂಗ್ ಕಾಯುತ್ತಿತ್ತು. ಒಂದು ಕಡೆ ಒಂದೇ ಕಣ್ಣಿ ಜೋಡು ಬಂದದ್ದನ್ನು ನಾನು ನೋಡಿದೆ. ನೋಡಿಯೂ ಪುಸ್ತಕದಲ್ಲಿ ಸರಿ ಅಂತ ಸಹಿ ಹಾಕಿದೆ. ಯಾರೂ ಒತ್ತಾಯ ಮಾಡಿರಲಿಲ್ಲ, ಅದನ್ನೂ ಹೇಳಬೇಕು.

ಹತ್ತು ದಿನದಲ್ಲಿ ಅಲ್ಲಿ ಹೊಟ್ಟೆ ಬಂತು. ಉಸ್ತಾದ್ ನೋಡಿದರು. ಗೇಣು ಆಗಿರಲಿಲ್ಲ, ಆದರೂ ಹಗ್ಗ ಕಟ್ಟಿಸಿದರು. "ಇದು ನಡುವೆ ಜೋತಿಲ್ಲ, ಜೋಡಿನಲ್ಲಿ ಜೋತಿದೆ" ಅಂದರು. ನನ್ನ ಮುಖ ನೋಡಲಿಲ್ಲ. ಮರುದಿನ ಬೆಳಗಿನ ಪಾಳಿಯಲ್ಲಿ ನಾವು ತಿರುವಿನಿಂದ ಬರುತ್ತಿದ್ದಂತೆ ಬಟ್ಟೆ ಹರಿದಂಥ ಸದ್ದು. ತಂತಿ ಒಂದೂ ತುಂಡಾಗಿರಲಿಲ್ಲ. ಎರಡು ಹಾಳೆಗಳು ಜಿಪ್ ಬಿಚ್ಚಿದ ಹಾಗೆ ಬೇರೆಯಾಗಿ, ಒಂದು ಗಾಡಿಯಷ್ಟು ಕಲ್ಲು ಹಗ್ಗದ ಆಚೆ ಬಿದ್ದಿತ್ತು. ಧೂಳು ಇಳಿಯುವ ತನಕ ನಿಂತೆವು. ಹಗ್ಗಕ್ಕೆ ನೇತು ಹಾಕಿದ್ದ ಕೆಂಪು ಬಟ್ಟೆ ಅಲ್ಲೇ ಅಲ್ಲಾಡುತ್ತಿತ್ತು. ಉಸ್ತಾದ್ ಬೀಡಿ ಕಟ್ಟು ತೆಗೆದು, ಒಳಗೆ ಸೇದುವಂತಿಲ್ಲ ಅಂತ ನೆನಪಾಗಿ ವಾಪಸ್ ಇಟ್ಟರು. ಆ ಸಹಿ ವಿಷಯ ಅವರು ಯಾರಿಗೂ ಹೇಳಲಿಲ್ಲ. ನಾನೇ ಹೋಗಿ ಮ್ಯಾನೇಜರಿಗೆ ಹೇಳಿ ಬೈಸಿಕೊಂಡೆ.

ಅಂದಿನಿಂದ ನನಗೆ ಜೋಡಿನ ಹುಚ್ಚು. ತಂತಿ ಎಷ್ಟು ದಪ್ಪ, ಎಷ್ಟು ಟನ್ ಹೊರುತ್ತದೆ ಅಂತ ಕಂಪನಿಯವರು ಕಾಗದ ತೋರಿಸುತ್ತಾರೆ. ಕಾಗದದಲ್ಲಿ ಜೋಡು ಇರುವುದಿಲ್ಲ. ನಮ್ಮ ಕಡೆಯೇ ನೋಡಿ, ಮಾಣಿ ಡ್ಯಾಮಿನ ನೀರು ಘಟ್ಟದ ಕೆಳಗೆ ಹೊಸಂಗಡಿಯಲ್ಲಿ 460 ಮೆಗಾವ್ಯಾಟ್ ಕರೆಂಟ್ ಆಗುವುದು ಗುಡ್ಡದ ಹೊಟ್ಟೆಯೊಳಗಿನ ಗುಹೆಯಲ್ಲಿ. ಅಲ್ಲೂ ಯಾರೋ ಒಬ್ಬ ನೆತ್ತಿ ನೋಡುತ್ತ ನಡೆಯಲೇಬೇಕು. ಶರಾವತಿಯ ಪಂಪ್ಡ್ ಸ್ಟೋರೇಜ್ (ಸುರಂಗ ಕೊರೆದು, ನೀರನ್ನು ಮೇಲಕ್ಕೆ ಪಂಪ್ ಮಾಡಿಟ್ಟು ಬೇಕಾದಾಗ ಇಳಿಸಿ ಕರೆಂಟ್ ಮಾಡುವ ಯೋಜನೆ) ಬೇಕೋ ಬೇಡವೋ ಅಂತ ಊರವರು ನನ್ನನ್ನು ಕೇಳುತ್ತಾರೆ. ಕಾಡಿನ ವಿಷಯದಲ್ಲಿ ನನಗೂ ಹೊಟ್ಟೆ ಉರಿ ಇದೆ. ಆದರೆ ಸುರಂಗ ಕೊರೆದ ಮಾತ್ರಕ್ಕೆ ಗುಡ್ಡ ಕೂತುಹೋಗುತ್ತದೆ ಅನ್ನುವ ಮಾತಿಗೆ ಮಾತ್ರ ತಲೆಯಾಡಿಸಲಾರೆ.

ಬೇಲಿ ವಿಷಯಕ್ಕೆ ಬಂದರೆ, ಕೆಲಸಕ್ಕೆ ಬಂದ ಹುಡುಗರು ಎರಡು ಸುರುಳಿ ಕೂಡುವ ಕಡೆ ನಾಲ್ಕು ಕಡೆ ಕಟ್ಟುತಂತಿ ಸುತ್ತಿ ಮುಗಿಸಿದ್ದರು. ಬಿಚ್ಚಿಸಿದೆ. ಒಂದರ ಕಣ್ಣಿಯೊಳಗೆ ಇನ್ನೊಂದರ ತಂತಿ ಸುತ್ತುತ್ತ ಮೇಲಿಂದ ಕೆಳಗಿನವರೆಗೆ ಹೆಣೆಯಿಸಿದೆ, ಕೂಡಿದ ಕಡೆಯೇ ಕಲ್ಲುಕಂಬ ಬರುವ ಹಾಗೆ ಮಾಡಿಸಿದೆ. "ಹಂದಿಗೆ ಇಷ್ಟೆಲ್ಲ ಎಂತಕ್ಕೆ?" ಅಂತ ಅವರು ಗೊಣಗಿದರು. ಅರ್ಧ ದಿನದ ಕೂಲಿ ಜಾಸ್ತಿ ಹೋಯಿತು.

ನಾಲ್ಕನೇ ದಿನ ಬೆಳಿಗ್ಗೆ ಟಾರ್ಚ್ ಹಿಡಿದು, ಹಳೇ ಚಟ, ಬೆಳಕನ್ನು ಓರೆಯಾಗಿ ಬಿಡುತ್ತ ಬೇಲಿಯುದ್ದಕ್ಕೂ ನಡೆದೆ. ಎಲ್ಲೂ ಹೊಟ್ಟೆ ಇಲ್ಲ. ಜೋಡು ಒಂದೂ ಅಲ್ಲಾಡಿಲ್ಲ. ಏಳನೇ ಕಂಬದ ಹತ್ತಿರ ಮಾತ್ರ ಬಲೆಯ ಅಡಿಯಲ್ಲಿ ಹಸಿ ಮಣ್ಣು ಎರಡೂ ಬದಿಗೆ ಚೆಲ್ಲಿತ್ತು. ಹಂದಿ ಬಲೆಯನ್ನು ಮುಟ್ಟಿಯೂ ಇರಲಿಲ್ಲ, ಕೆಳಗೆ ಗುಂಡಿ ಮಾಡಿ ನುಸುಳಿ, ಮೂರು ಸಸಿ ಕಿತ್ತು, ಬಂದ ದಾರಿಯಲ್ಲೇ ವಾಪಸ್ ಹೋಗಿತ್ತು.

ಭಾಮೈದ ಬಂದು ಬಗ್ಗಿ ನೋಡಿದ. "ನಿಮ್ಮ ಗಣೀಲಿ ಕೆಳಗಿಂದ ಬರೋದು ಇರ್ಲಿಲ್ವಾ ಭಾವ?"

ಕೆಲವು ಗಣಿಗಳಲ್ಲಿ ಒತ್ತಡಕ್ಕೆ ನೆಲವೇ ಮೇಲಕ್ಕೆ ಉಬ್ಬಿ ಬರುತ್ತದೆ, ಹಳಿಯನ್ನೇ ಎತ್ತಿ ಹಾಕುತ್ತದೆ ಅಂತ ಹೇಳಲು ಬಾಯಿ ತೆರೆದೆ. ಅವನಾಗಲೇ ಗುಂಡಿಗೆ ತುಂಬಲು ಜಂಬಿಟ್ಟಿಗೆ ಚೂರು ತರಲು ಹೊರಟಿದ್ದ.